‘ಏರ್‌ಫೋರ್ಸಿನಲ್ಲಿದ್ದಾರೆ’ ಎಂದೆ

ನಾಗಪುರ, ಜುಲೈ ೧೯೮೪

ಅಪ್ಪಾ,

ಬೆಳಗಿನ ಜಾವ ಕೆಟ್ಟ ಕನಸು. ಮೆಡಿಕಲ್ ಕಾಲೇಜಿನ ಸಂದರ್ಶನದವರು ನನ್ನ ಅರ್ಜಿ ಹಿಡಿದು, “ಎಲ್ಲಿ, ಅಪ್ಪನನ್ನು ಕರೆಸು” ಎನ್ನುತ್ತಿದ್ದರು. ನಾನು ಕಾರಿಡಾರಿನ ಬಾಗಿಲುಗಳನ್ನೆಲ್ಲ ಬಡಿಯುತ್ತಿದ್ದೆ.

ನಿನ್ನೆ ನಿಜವಾಗಿ ಕೇಳಿದ್ದು ಇಷ್ಟೇ: “ಆರು ಸ್ಕೂಲ್ ಯಾಕೆ ಬದಲಾಯಿಸಿದೆ? ಪಪ್ಪಾ ಕ್ಯಾ ಕರ್ತೇ ಹೈಂ?”

“ಏರ್‌ಫೋರ್ಸಿನಲ್ಲಿದ್ದಾರೆ, ವರ್ಗ ಆಗ್ತಾ ಇರುತ್ತೆ” ಎಂದುಬಿಟ್ಟೆ. ನಾನು ಕೇಳಿರುವುದೋ, ತೀರಿಹೋದ ಸೈನಿಕರ ಮಕ್ಕಳಿಗೆಂದು ಇಟ್ಟಿರುವ ಸೀಟು! ತಿದ್ದಲು ಸಮಯವಿತ್ತು, ತಿದ್ದಲಿಲ್ಲ. ನಿಮ್ಮನ್ನು ‘ಇದ್ದಾರೆ’ ಎಂದು ಹೇಳಿ ಎರಡು ವರ್ಷವಾಗಿತ್ತು.

ಸುಳ್ಳಿ ಎಂದು ಹೆಸರು ಹೊಡೆದುಹಾಕಿದರೆ? ಸೋಮವಾರ ಪಟ್ಟಿ ಹಾಕುತ್ತಾರೆ. ಅಮ್ಮ ನಗುತ್ತಾಳೆ.

“ಬಾಯ್ತಪ್ಪಿ ಬಂತು, ಬಿಡೇ. ಇಷ್ಟಕ್ಕೇ ನಡುಗೋ ಡಾಕ್ಟರಮ್ಮ ಸೂಜಿ ಎತ್ತಿದ್ರೆ ಪೇಷಂಟ್ ಊರಾಚೆ ಕಾಮ್ಟಿವರೆಗೂ ಓಡ್ತಾನೆ!”

ಆಮೇಲೆ ಮೆಲ್ಲಗೆ, “ಏನಂತ ಹೇಳ್ದೆ? ಇನ್ನೊಂದ್ಸಲ ಹೇಳು” ಎಂದಳು.

ನನ್ನ ಅರ್ಜಿಗಳನ್ನು ಲಕೋಟೆಗೆ ಹಾಕುವ ಮೊದಲು ನೀವು ಓದುತ್ತಿದ್ದಿರಿ. ಈ ಸಲ ಯಾರೂ ಓದಲಿಲ್ಲ. ತಂದೆಯ ಹೆಸರಿಗೆ ಮೊದಲು ‘ದಿವಂಗತ’ ಎಂದು ಬರೆದೆನೋ ಬಿಟ್ಟೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ಒಂದು ಸಾಲನ್ನು ಇನ್ನೊಮ್ಮೆ ನೋಡಿಬಿಡಿ, ಅಪ್ಪಾ.