ಯಜಮಾನ ಸಿಗುತ್ತಿಲ್ಲ

ಸಿಂಧನೂರು
ಶ್ರಾವಣ ಸೋಮವಾರ, 1996

ಏನ್ರೀ,

ನಮಸ್ಕಾರ. ಲಿಂಗಸುಗೂರು ದವಾಖಾನೆಯಲ್ಲಿ ನಿಮ್ಮ ಮಂಚದ ಪಕ್ಕ ನಿಂತರೆ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆದು ತಂದು ಓದುತ್ತೇನೆ. ಮಸ್ಕಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದಾಗಿನಿಂದ ನೀವು ಕಣ್ಣು ತೆರೆದಿಲ್ಲ. ಕಿವಿ ಕೇಳುತ್ತಿರಬಹುದು ಎನ್ನುತ್ತಾರೆ. ಕೇಳಿಸಿಕೊಳ್ಳಿ.

ನಿಮ್ಮನ್ನು ಅಲ್ಲಿ ಬಿಟ್ಟು ಊರಿಗೆ ಬಂದಳೆಂದು ಬೈಯಬೇಡಿ. ನಾಳೆ ನಮ್ಮ ಕಂಪ್ಯೂಟರ್ ಕ್ಲಾಸಿನ ಹುಡುಗಿಯರಿಗೆ ಪರೀಕ್ಷೆ, ಮಷೀನು ಒಂದೂ ಏಳಲಿಲ್ಲ. ಕರೆಂಟು ಹೋಗಿ ಬಂದಾಗ ದೊಡ್ಡ ಮಷೀನು ಸರ್ವರಿನಲ್ಲಿದ್ದ, ಉಳಿದವನ್ನು ಎಬ್ಬಿಸುವ ಇಮೇಜ್ ಫೈಲು ಕೆಟ್ಟಿತ್ತು. ಹಾರ್ಡ್ ಡಿಸ್ಕ್ ಇಲ್ಲದ ಈ ಬಡ ಮಷೀನುಗಳಿಗೆ ಅದೇ ಜೀವ. ಸರ್ವರ್ ಅದನ್ನು ಕಳಿಸಿದರೇನೇ ಇವು ಕೆಲಸಕ್ಕೆ ಬರುವುದು. ನೀವು ಕಲಿಸಿದಂತೆ ಹೊಸ ಇಮೇಜ್ ಮಾಡಿದೆ. ಅದು ಮಷೀನುಗಳಿಗೆ ಇಳಿಯುತ್ತದೆ, ಆಮೇಲೆ ‘ಸರ್ವರ್ ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ. ಕೇಬಲ್ ಬದಲಿಸಿದೆ, ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡ್ ಕಿತ್ತು ಒರೆಸಿ ಹಾಕಿದೆ, ಬೇರೆ ಫ್ಲಾಪಿಯಲ್ಲಿ ಮತ್ತೆ ಮಾಡಿದೆ. ಅದೇ ರಾಗ, ಅದೇ ಹಾಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೇಬಲ್ಲನ್ನು ಬೈದೆ, ಕರೆಂಟನ್ನು ಬೈದೆ, ಕೊನೆಗೆ ನಿಮ್ಮನ್ನೂ ಬೈದೆ. ಬೈದು, ಕೂತು ಅತ್ತುಬಿಟ್ಟೆ.

ಆಗ ನರ್ಸ್ ಸುಭಾನಬಿ ಬೆಳಿಗ್ಗೆ ಅಂದದ್ದು ನೆನಪಾಯಿತು. "ರೀ, ರೀ ಅಂತ ಕರದ್ರ ಯಾರಂತ ಏಳಬೇಕು ಬೇ? ವಾರ್ಡ್ ತುಂಬ ಗಂಡಸರ ಅದಾರ. ಹೆಸರು ಹಿಡದು ಕರಿ." ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಕಲಿಸಿದ್ದಳು. ನನ್ನ ನಾಲಿಗೆ ಹೊರಳಲಿಲ್ಲ.

ಅದು ನೆನಪಾದಾಗಲೇ ನನ್ನ ತಪ್ಪು ಹೊಳೆಯಿತು. ಇಮೇಜ್ ಮಾಡುವಾಗ ಸರ್ವರಿನ ಹೆಸರು ಕೇಳುತ್ತದಲ್ಲ, ನಾನು ‘ಯಜಮಾನ’ ಎಂದು ಟೈಪ್ ಮಾಡಿದ್ದೆ. ಸರ್ವರನ್ನು ಯಾವತ್ತೂ ಹಾಗೇ ಕರೆದವಳು ನಾನು. ಪಾಪ, ಮಷೀನುಗಳು ಆ ಹೆಸರಿನವನನ್ನು ಎಲ್ಲಿಂದ ಹುಡುಕಬೇಕು? ನೀವು ಅದಕ್ಕೆ ನಿಮ್ಮದೇ ಹೆಸರಿಟ್ಟು ನನ್ನನ್ನು ಕಾಡಿಸಿದ್ದು ಮರೆತೇ ಹೋಗಿತ್ತು. "ಬಾಯಿಲೆ ಹೇಳಲಿಲ್ಲಂದ್ರ ಏನಾತು, ಒಂದಿನ ಕೈಲೆ ಬರೀತಿ ನೋಡು" ಅಂದಿದ್ದಿರಿ.

ಬರೆದೆ ರೀ. ಒಂದೊಂದೇ ಅಕ್ಷರ ನಿಧಾನಕ್ಕೆ ಒತ್ತಿದೆ. ಮಷೀನುಗಳೆಲ್ಲ ಎದ್ದವು. ಎಲ್ಲದರ ಪರದೆಯ ಮೇಲೂ ನಿಮ್ಮ ಹೆಸರು.

ಪರೀಕ್ಷೆಯನ್ನು ಹೊರಗಿನವರು ಬಂದು ಮಾಡಿಸುತ್ತಾರೆ. ನಾನು ಸಂಜೆ ಬಸ್ಸಿಗೇ ಹೊರಡುತ್ತೇನೆ. ಆಯುಷ್ಯ ಕಡಿಮೆಯಾಗುವುದೇ ಇದ್ದರೆ ನನ್ನದಾಗಲಿ. ನೀವು ಏಳದಿದ್ದರೆ ನಾನು ಬದುಕಲಾರೆ. ಇಡೀ ವಾರ್ಡ್ ಕೇಳುವಂತೆ ಕರೆಯುತ್ತೇನೆ, ಓಗೊಡಿ. ಅಮರೇಶ್ವರ ನಿಮ್ಮನ್ನು ಕಾಯಲಿ.

ಏಳ್ರಿ. ಅಮರಗುಂಡಪ್ಪಾ, ಏಳ್ರಿ.

ನಿಮ್ಮ
ಕಲ್ಯಾಣಮ್ಮ