ಅಳಿಸಿ ಹಾಕಿದ ಎಪ್ಪತ್ತೆಂಟು

ಹರಿಹರ, ಇಸವಿ ೨೧೮೬, ಆಷಾಢದ ಮೂವತ್ತೇಳನೇ ದಿನ. ನಮ್ಮ ಕಾಲದಲ್ಲಿ ತಿಂಗಳು ಉದ್ದ.

ಹಿಂದಿನ ಕಾಲದ ಮೇಷ್ಟ್ರುಗಳಿಗೆ ನೀಲವ್ವ ಮಾಡುವ ನಮಸ್ಕಾರ. ಎರಡು ಸಲ ಶಾಲೆ ಬಿಟ್ಟವಳು ನಾನು; ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪಾಯಿತೇನೋ ಅಂತ ಮೊದಲ ಸಾಲನ್ನೇ ನಾಲ್ಕು ಸಲ ತಿದ್ದಿದ್ದೇನೆ. ಸಿಟ್ಟನ್ನು ಮಾತ್ರ ತಿದ್ದಿಲ್ಲ.

ಇಲ್ಲಿನ ವಿಶ್ವವಿದ್ಯಾಲಯದ ಮೌಲ್ಯಮಾಪನ ಕೇಂದ್ರದಲ್ಲಿ ಕಸ ಗುಡಿಸಿ, ಉತ್ತರಪತ್ರಿಕೆಯ ಕಟ್ಟು ಹೊರುವುದು ನನ್ನ ಕೆಲಸ. ಈಗ ಪ್ರತಿ ಮೇಜಿನ ಮೇಲೂ 'ಸರಿಗಣ್ಣು' ಇರುತ್ತದೆ, ಉತ್ತರ ನೋಡಿ ಅಂಕ ಹೇಳುವ ಯಂತ್ರ. ಮೇಷ್ಟ್ರು ಮೊದಲು ಓದಿ ಪೆನ್ಸಿಲ್ಲಿನಲ್ಲಿ ತಮ್ಮ ಅಂಕ ಬರೆಯಬೇಕು, ಆಮೇಲೆ ಸರಿಗಣ್ಣು ತೆರೆಯಬೇಕು. ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಐದು ಜನರ ಮುಂದೆ ನಿಂತು ಕಾರಣ ಹೇಳಬೇಕು. ಅದಕ್ಕೆ 'ಅಂತರದ ಕಟ್ಟೆ' ಅಂತಾರೆ. ಹತ್ತು ವರ್ಷದಲ್ಲಿ ಆ ಕಟ್ಟೆ ಹತ್ತಿದ ಒಬ್ಬ ಮೇಷ್ಟ್ರನ್ನೂ ನಾನು ಕಂಡಿಲ್ಲ. ಎಲ್ಲರ ಜೇಬಿನಲ್ಲೂ ರಬ್ಬರ್. ದಿನಾ ನಾನು ಗುಡಿಸುವುದು ಅದರ ಪುಡಿಯನ್ನೇ.

ಮೊನ್ನೆ ಶಾಂತವೀರಯ್ಯ ಮೇಷ್ಟ್ರ ಕೈಗೆ ನನ್ನ ಮಗಳು ಚಂಪಾಳ ಪತ್ರಿಕೆ ಬಂತು. ಹೆಸರಿರಲಿಲ್ಲ, ಆದರೆ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ. ಪ್ರಶ್ನೆ ಒಂದೇ: ಊರಿನ ಕೆರೆ ಏಕೆ ಬತ್ತಿತು? ಅವಳು ಪುಸ್ತಕದ್ದು ಬಿಟ್ಟು, ಕಾಲುವೆಯುದ್ದಕ್ಕೂ ನಡೆದು ತಾನು ಕಂಡದ್ದನ್ನೇ ಬರೆದಿದ್ದಳು. ಮೇಷ್ಟ್ರು ಪಕ್ಕದವರನ್ನು ಕರೆದು, ಇಲ್ಲಿ ನೋಡ್ರೀ, ಉತ್ತರ ಅಂದ್ರೆ ಇದು ಅಂದರು. ಎಪ್ಪತ್ತೆಂಟು ಹಾಕಿದರು. ಸರಿಗಣ್ಣು ಹದಿನೆಂಟು ಅಂತು. ಕಟ್ಟೆ ಹತ್ತೋ ಆಸೆಯೇನ್ರೀ ಸ್ವಾಮಿ ಅಂತ ಪಕ್ಕದವರು ನಕ್ಕರು. ಇವರು ಅಳಿಸಿ ಹದಿನೆಂಟನ್ನೇ ಬರೆದರು. ಮೂವತ್ತೈದಿಲ್ಲದಿದ್ದರೆ ಫೇಲು, ಅವಳಿಗಿದು ಕೊನೇ ಅವಕಾಶ. ಕಾಲು ಹಿಡಿದು ಕೇಳಿದೆ. ನಾನು ಓದಿದ್ದು ಸರಿಯೇ ಇರಬಹುದು ನೀಲವ್ವ, ಸರಿ ಅಂತ ಹೇಳೋಕೆ ನಾನ್ಯಾರು ಅಂದರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಅದು.

ಅರ್ಧ ಸಿಟ್ಟು ಅವರ ಮೇಲೆ, ಉಳಿದರ್ಧ ನಿಮ್ಮ ಮೇಲೆ. ಸರಿಗಣ್ಣು ಕಲಿತದ್ದು ನೀವು ಹಾಕಿದ ಅಂಕಗಳಿಂದ. ಉತ್ತರ ಮೆಚ್ಚಿದರೂ, ಎರಡನೇ ಮೌಲ್ಯಮಾಪಕರು ಏನನ್ನುತ್ತಾರೋ, ಮೂರನೆಯವರಿಗೆ ಹೋದರೆ ಮಾನ ಏನಾದೀತೋ ಅಂತ ಕೈ ಬಿಗಿಹಿಡಿದಿರಿ. ನಿಮ್ಮ ಹೆದರಿಕೆಯನ್ನೇ ಅದು ಅಳತೆ ಅಂದುಕೊಂಡಿತು. ಹೆದರಿಕೆ ನನಗೂ ಗೊತ್ತು. ಒಲೆ ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಮನೆಗೆ ಓಡುವವಳು ನಾನು. ನನ್ನ ಹೆದರಿಕೆಗೆ ಯಾರ ಮಗಳೂ ಫೇಲಾಗಿಲ್ಲ.

ಸೋಮವಾರ ಫಲಿತಾಂಶಕ್ಕೆ ಮುದ್ರೆ ಬೀಳುತ್ತದೆ. ಅಷ್ಟರೊಳಗೆ ಮೇಷ್ಟ್ರು ಕಟ್ಟೆ ಹತ್ತಬೇಕು. ಚಂಪಾಳ ಉತ್ತರವನ್ನು ಕದ್ದು ನಕಲು ಮಾಡಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಅವರ ಮನೆ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ. ಒತ್ತಕ್ಷರ ಬಂದರೆ ನನ್ನ ನಾಲಿಗೆ ತಡವರಿಸುತ್ತದೆ, ಮುಗಿಸುವಾಗ ಮಧ್ಯಾಹ್ನವಾದೀತು. ಅವರು ಹೊರಗೆ ಬರದಿದ್ದರೆ ಮತ್ತೆ ಮೊದಲಿನಿಂದ. ಕೆಲಸ ಹೋದರೆ ಹೋಗಲಿ.

ಈಗ ನಿಮ್ಮ ಮುಂದೆಯೂ ಯಾರದೋ ಪತ್ರಿಕೆ ಇದ್ದೀತು. ಓದಿದ್ದು ನೀವು ತಾನೆ. ಅಂಕವನ್ನೂ ನೀವೇ ಹಾಕಿ.