ಕಮಟು ಬೆಣ್ಣೆಯ ಬಿಸ್ಕತ್ತು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ಮಕ್ಕಳಿಗೂ ಅದರಲ್ಲಿ ಪಾಲು ಕೊಡು, ಎಲ್ಲವನ್ನೂ ನೀನೇ ಇಟ್ಟುಕೊಳ್ಳಬೇಡ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅತ್ತಿಗೆ ಪಕ್ಕದಲ್ಲೇ ಇರುತ್ತಾಳೆ. ಅವಳ ಎದುರಿಗೆ ಅವಳನ್ನೇ ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಬೈಯುವುದಾದರೆ ಸಲೀಸು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಬೇಕರಿ ಮಾರುವುದಿಲ್ಲ. ಅಳಿಯಂದಿರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಗಿರಾಕಿ ಹುಡುಕುತ್ತಿದ್ದಾರೆ. ಇನ್ನು ಹುಡುಕುವುದು ಬೇಡ ಎಂದು ಹೇಳು. "ಅಣ್ಣನೇ ಇಲ್ಲ, ಅತ್ತಿಗೆಗೆ ವಾಸನೆಯೇ ಗೊತ್ತಾಗಲ್ಲ, ಇನ್ಯಾರಿಗೋಸ್ಕರ ಅದನ್ನ ಇಟ್ಕೊಳ್ತೀರಿ" ಎಂದು ಬರೆದಿದ್ದೀಯ. ನಾನೂ ಹಾಗೇ ಅಂದುಕೊಂಡಿದ್ದವಳೇ. ಯಾಕೆ ಬದಲಾದೆ ಎನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಆ ಜ್ವರ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಮಲಗಿಸಿತಲ್ಲ. ನಿಮ್ಮಣ್ಣ ಆಸ್ಪತ್ರೆಯಿಂದ ಬರಲಿಲ್ಲ. ಅವಳು ಬಂದಳು, ಮೂಗಿನ ಶಕ್ತಿಯನ್ನು ಅಲ್ಲೇ ಬಿಟ್ಟು. ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ನೀನು ಬಂದು ಹೋದ ಸ್ವಲ್ಪ ದಿನಕ್ಕೇ ಅವಳು ಅಂಗಡಿ ತೆಗೆದಳು. ನಾನು ಮಹಡಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಷಟರ್ ಎತ್ತುವ ಸದ್ದಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಇಂಥಾ ಸಂಕಟ, ಇವಳಿಗೆ ಬನ್ನು ಬೇಯಿಸುವ ಆತುರವೇ ಎಂದು ಗಟ್ಟಿಯಾಗಿಯೇ ಗೊಣಗಿದೆ. ಕೇಳಿಸಿತೋ ಏನೋ, ಮೇಲೆ ಬಂದು ಕಾಫಿ ಇಟ್ಟು ಇಳಿದು ಹೋದಳು.

ವ್ಯಾಪಾರವೇನೋ ಚೆನ್ನಾಗಿತ್ತು. ಬೀದಿಗೆ ಬೀದಿಯೇ ಬಂದು ಕೊಂಡುಕೊಂಡಿತು. ಸಂಜೆ ಮೇಲೆ ಬಂದು, "ಬಿಸ್ಕತ್ತೆಲ್ಲ ಖಾಲಿ ಅತ್ತೆ, ಕೈ ಇನ್ನೂ ಹದ ಮರೆತಿಲ್ಲ" ಅನ್ನುವಳು. ಹೀಗಿರುವಾಗ ಒಂದು ದಿನ ಕೊಂಕು ಮೇಷ್ಟ್ರು ಬಂದರು. ಅವರೇ, ಮೂಲೆಮನೆಯ ಗಣಿತದ ಮೇಷ್ಟ್ರು. ನಿನ್ನ ಮದುವೆಯ ಕೇಕನ್ನು ಎರಡು ಸಲ ಹಾಕಿಸಿಕೊಂಡು ತಿಂದು "ಎಡಗಡೆ ವಾಲಿದೆ" ಎಂದರಲ್ಲ, ಆ ಮಹಾನುಭಾವರು. ರಿಟೈರಾದರೂ ಗಂಟಲು ರಿಟೈರಾಗಿಲ್ಲ, ಮಹಡಿಗೆಲ್ಲ ಕೇಳಿಸಿತು.

"ಏನಮ್ಮಾ, ಇದು ಬಿಸ್ಕತ್ತೋ ಶಿಕ್ಷೆಯೋ? ಬೆಣ್ಣೆ ಕಮಟು ಹೊಡೀತಾ ಇದೆ. ಹೋದ ವಾರನೂ ಹೀಗೇ ಇತ್ತು. ಬೀದಿನಾಯಿಗೆ ಹಾಕಿದ್ರೆ ಅದೂ ಮೂಸಿ ಮುಂದೆ ಹೋಯ್ತು."

ಎಷ್ಟೋ ದಿನದ ಮೇಲೆ ನಾನು ಮೆಟ್ಟಿಲಿಳಿದದ್ದು ಅವತ್ತೇ, ಅದೂ ಜಗಳಕ್ಕೆ. "ಗಂಡನ್ನ ಕಳ್ಕೊಂಡವಳ ಹತ್ರ ಮಾತಾಡೋ ರೀತಿನಾ ಮೇಷ್ಟ್ರೇ ಇದು?" ಅಂದೆ.

"ಗಂಡ ಹೋದ್ರೆ ಬೆಣ್ಣೆ ಯಾಕ್ರೀ ಕೆಡ್ಬೇಕು? ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ" ಎಂದರು ಅವರು.

ನಿನ್ನ ಅತ್ತಿಗೆ ಅವರ ಕಡೆ ನೋಡಲಿಲ್ಲ. ಬ್ರೆಡ್ಡಿಗೆ ಕಾಯುತ್ತಿದ್ದ ಪಕ್ಕದ ಟೈಲರಮ್ಮನನ್ನು ಕೇಳಿದಳು, "ನಿಮಗೂ ಗೊತ್ತಿತ್ತಾ?" ಟೈಲರಮ್ಮ ನೆಲ ನೋಡಿದಳು. "ಪಾಪ, ನೀವೇ ನೊಂದಿದ್ದೀರಿ, ಇನ್ನು ಇದೊಂದು ಯಾಕೆ ಅಂತ..." ಆಗ ಗೊತ್ತಾಯಿತು ನೋಡು. ಎಲ್ಲರೂ ದುಡ್ಡು ಕೊಟ್ಟು ಕೊಂಡು, ಮನೆಗೆ ಹೋಗಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅಷ್ಟು ದಿನ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಈಗ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಒಳಗಿಂದ ಬೆಣ್ಣೆಯ ಡಬ್ಬಿ ತಂದು ನನ್ನ ಮುಂದೆ ಹಿಡಿದಳು. ಮೂಸಿ, ಡಬ್ಬಿಯನ್ನು ಆಚೆ ತಳ್ಳಿದೆ. "ಕೆಟ್ಟಿದೆ ಕಣೇ" ಅಂದೆ. ಅವಳು ಡಬ್ಬಿಯನ್ನು ಅಲ್ಲೇ ಬುಟ್ಟಿಗೆ ಬೋರಲು ಹಾಕಿ, ಮೇಷ್ಟ್ರ ಕಡೆ ತಿರುಗಿ, "ನಾಳೆಯಿಂದ ಒಲೆಯಿಂದ ಇಳಿಸಿದ ಮೊದಲನೇ ತಟ್ಟೇನ ನೀವೇ ಬಂದು ರುಚಿ ನೋಡ್ಬೇಕು. ನೀವು ಸರಿ ಅನ್ನೋವರೆಗೆ ಮಾರಲ್ಲ" ಎಂದಳು. ಮೇಷ್ಟ್ರು "ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿದರು.

ಮೇಲೆ ಬಂದ ಮೇಲೆ ಚೆನ್ನಾಗಿ ಬೈದೆ. ಊರಲ್ಲಿ ಬೇರೆ ನಾಲಿಗೆಯೇ ಇರಲಿಲ್ಲವೇ, ಹೋಗಿ ಹೋಗಿ ಆ ಮುಳ್ಳುಹಂದಿಯನ್ನು ಒಳಗೆ ಬಿಟ್ಟುಕೊಂಡೆಯಲ್ಲ ಎಂದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಓದು. "ಮಿಕ್ಕವರೆಲ್ಲ ನನ್ನನ್ನ ಅಯ್ಯೋ ಪಾಪ ಅಂತ ನೋಡಿದ್ರು ಅತ್ತೆ. ಬೇಕರಿಯವಳು ಅಂತ ನೋಡಿದ್ದು ಇವರೊಬ್ಬರೇ."

ಮಾರನೆಯ ದಿನ ಗಲ್ಲಾಪೆಟ್ಟಿಗೆಯ ಪಕ್ಕ ಹಲಗೆ ನೇತುಹಾಕಿದಳು: "ನನಗೆ ವಾಸನೆ ತಿಳಿಯುವುದಿಲ್ಲ. ತಿಂಡಿ ಚೆನ್ನಾಗಿಲ್ಲದಿದ್ದರೆ ದಯವಿಟ್ಟು ಹೇಳಿ." ಯಾರಾದರೂ ತಮ್ಮ ಅಂಗಡಿಗೆ ತಾವೇ ಬೆಂಕಿ ಇಡುತ್ತಾರೆಯೇ ಎಂದು ನಾನು ಹಲಗೆ ಕಿತ್ತಿಟ್ಟೆ. ಅವಳು ಮತ್ತೆ ಹಾಕಿದಳು. ನಾನು ಹೇಳಿದಂತೆಯೇ ಆಯಿತು, ಜನ ಹಲಗೆ ಓದಿ ಹಿಂದಿರುಗತೊಡಗಿದರು. ಆಗಲೇ ನಿನ್ನ ಕಾಗದ ಬಂದದ್ದು, ಮಾರಿಬಿಡಿ ಎಂದು. ನಾನು ಒಳಗೊಳಗೇ ಹೂಂ ಎಂದುಕೊಂಡೆ. ಅವಳು ಹಿಟ್ಟು ಕಡಿಮೆ ಕಲಸಿದಳೇ ಹೊರತು ಒಲೆ ಆರಿಸಲಿಲ್ಲ.

ಅವಳು ಕೆಲಸವನ್ನು ಮತ್ತೆ ಕಲಿತ ರೀತಿ ನೀನು ನೋಡಬೇಕಿತ್ತು. ಹದಿನೈದು ವರ್ಷ ಮೂಗು ಹೇಳಿದ್ದನ್ನು ಈಗ ಬೆರಳು, ಕಿವಿ ಹೇಳಬೇಕು. ಉಬ್ಬಿದ ಹಿಟ್ಟನ್ನು ಬೆರಳಿನಿಂದ ಒತ್ತಿ, ಕುಳಿ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ನೋಡುತ್ತಾಳೆ. ಬ್ರೆಡ್ಡನ್ನು ಮಗುಚಿ ತಳ ತಟ್ಟಿ ಕಿವಿಗೊಡುತ್ತಾಳೆ, ಬೆಂದಿದ್ದರೆ ಟೊಳ್ಳು ಸದ್ದು ಬರುತ್ತದಂತೆ. ಆದರೂ ಮೊದಮೊದಲು ಎಷ್ಟು ತಟ್ಟೆ ಕರಕಲಾಯಿತೋ ದೇವರಿಗೇ ಗೊತ್ತು. ಒಲೆಯ ಎದುರೇ ನಿಂತಿರುತ್ತಾಳೆ, ಸುಟ್ಟ ವಾಸನೆಗೆ ಬೀದಿಯವರು ಕೆಮ್ಮುತ್ತಿರುತ್ತಾರೆ, ಇವಳಿಗೆ ಗೊತ್ತೇ ಇಲ್ಲ. ಮೇಷ್ಟ್ರು ದಿನಾ ಬಂದು, ಗಟ್ಟಿ, ಹಸಿ, ಉಪ್ಪು ಎಂದು ಕೊಂಕು ತೆಗೆಯುವರು. ಅವಳು ತಲೆಯಾಡಿಸಿ ಇನ್ನೊಂದು ತಟ್ಟೆ ಇಡುವಳು. ನಾನಾಗಿದ್ದರೆ ಲಟ್ಟಣಿಗೆ ತೆಗೆದುಕೊಳ್ಳುತ್ತಿದ್ದೆ.

ಬೆಣ್ಣೆ, ಹಾಲು, ಮೊಟ್ಟೆ ಮೂಸುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮ ಮೂಗು ಬೇಕು ಅತ್ತೆ, ಒಂದೇ ಷರತ್ತು" ಎಂದಳು. "ನನ್ನ ಮುಖ ನೋಡಿ ಹೇಳ್ಬೇಡಿ. ಡಬ್ಬಿ ನೋಡಿ ಹೇಳಿ." ಮಾತು ಕೊಟ್ಟೆ. ಅವತ್ತಿನಿಂದ ಗೋಡೆ ನೋಡಿಕೊಂಡು ಮಲಗಲು ನನಗೆ ಪುರುಸೊತ್ತೇ ಆಗಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನನ್ನು ಎಬ್ಬಿಸಿ ಕೂರಿಸಿದ್ದು ಅವಳ ಕಾಲ.

ಜನವೂ ಒಬ್ಬೊಬ್ಬರಾಗಿ ತಿರುಗಿ ಬಂದರು. ಈಗ ಬಂದವರೆಲ್ಲ ಬಾಯಿ ತೆರೆದೇ ಬರುತ್ತಾರೆ. ಟೈಲರಮ್ಮ ಕೂಡ "ರಸ್ಕಿಗೆ ಸಕ್ಕರೆ ಸಾಲದು" ಎಂದು ಮೊನ್ನೆ ಧೈರ್ಯ ಮಾಡಿದಳು. ಹೋದ ವಾರ ಮೇಷ್ಟ್ರು ಬನ್ನನ್ನು ಪೂರ್ತಿ ತಿಂದು, "ತಪ್ಪಿಲ್ಲ" ಎಂದರು. ಅವಳು ಒಳಗೆ ಹೋಗಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಹಿತ್ತಲ ಗಿಡ ಮದ್ದಲ್ಲ ಎಂದು ಇಷ್ಟು ವರ್ಷ ಬಾಳಿದವಳು ನಾನು. ಈಗ ಹೇಳುತ್ತೇನೆ, ಇವಳಂಥ ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ನಿನ್ನನ್ನು ಹೊರಗಿಟ್ಟು ಹೇಳುತ್ತಿಲ್ಲ, ಬೇಕಾದರೆ ಬೇಜಾರು ಮಾಡಿಕೋ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ. ಎಲ್ಲರೂ ಚೆನ್ನಾಗಿರಿ, ಹೊಟ್ಟೆ ತುಂಬ ಉಣ್ಣಿ, ಜಗಳವಾಡಿದರೂ ರಾಜಿಯಾಗಿಯೇ ಮಲಗಿ. ಇದೇ ನನ್ನ ಹರಕೆ.

ಇಂತಿ ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಎಂದು ಕೂತಿದ್ದೆ. ನಿನ್ನೆ ಅಂಗಡಿ ಮುಚ್ಚಿದ ಮೇಲೆ ಅವಳು ನಿಮ್ಮಣ್ಣನ ಶರ್ಟು ತಂದಳು, ಆಸ್ಪತ್ರೆಗೆ ಹೋಗುವ ಮುಂಚೆ ಬಿಚ್ಚಿಟ್ಟದ್ದು. ಒಗೆಯದೆ ಬೀರುವಿನಲ್ಲಿ ಇಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. "ಅವರ ವಾಸನೆ ಇನ್ನೂ ಇದೆಯಾ ನೋಡಿ ಅತ್ತೆ" ಎಂದಳು. ಮುಖಕ್ಕೆ ಒತ್ತಿಕೊಂಡೆ. ಬೀರುವಿನ ಮರದ ವಾಸನೆ ಬಿಟ್ಟು ಏನೂ ಸಿಗಲಿಲ್ಲ ಮಗಳೇ. "ಇದೆ" ಅಂದೆ. "ಹೇಗಿದೆ, ಹೇಳಿ" ಅಂದಳು. ಹಿಟ್ಟು, ಬೆವರು, ಅವನ ಕ್ಷೌರದ ಸೋಪು ಎಂದು ನೆನಪಿನಿಂದ ಹೇಳುತ್ತಾ ಹೋದೆ. ಕಣ್ಣು ಮುಚ್ಚಿ ಕೇಳಿ, "ಹೌದು, ಅದೇ" ಎಂದು ನಕ್ಕಳು. ಅವಳ ಮುಖ ನೋಡಿ ಹೇಳಿದೆ, ಕೊಟ್ಟ ಮಾತಿಗೆ ತಪ್ಪಿದೆ.

ಅವನು ಕೊನೆಯ ಸಲ ನಿಮ್ಮ ಮನೆಗೆ ಬಂದಾಗ ಸ್ವೆಟರು ಬಿಟ್ಟು ಬಂದಿದ್ದನಂತಲ್ಲ. ಒಗೆಯದೆ ಇಟ್ಟಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಳಿಸು. ಅವಳಿಗಲ್ಲ, ನನಗೆ. ಒಗೆದಿದ್ದರೆ ಆ ವಿಷಯ ನನಗೆ ಬರೆಯಬೇಡ.